ಹಸು ಕಚ್ಚಿದ ಬೇಸ್ ಗಿಟಾರು

ಬನ್ರಪ್ಪಾ, ಬಾಗಿಲಲ್ಲಿ ನಿಂತರೆ ಗಾಳಿ ಅಡ್ಡವಾಗುತ್ತೆ. ಒಳಗೆ ಬಂದು ಚಾಪೆ ಎಳೆದುಕೊಂಡು ಕೂತ್ಕೊಳ್ಳಿ. ಕಡಲೇಕಾಯಿ ಹುರಿದಿದ್ದೀನಿ, ಸಿಪ್ಪೆ ಮಾತ್ರ ಆ ಮೊರಕ್ಕೆ ಹಾಕಿ. ಕೈ ಬಾಯಿ ಆಡುತ್ತಿರಲಿ, ಕಿವಿ ಇತ್ತ ಇರಲಿ. ಬೇರೆಯವರ ಮನೆಯಲ್ಲಿ ನಗುವಂಥದ್ದು ವರ್ಷಕ್ಕೊಂದು ನಡೆದರೆ ಕೆಜಿಎಫ್‌ನ ನಮ್ಮ ಮನೆಯಲ್ಲಿ ವಾರಕ್ಕೊಂದು ನಡೆಯುತ್ತಿತ್ತು. ನಾವೇನೂ ಕರೆಯುತ್ತಿರಲಿಲ್ಲ, ಅದೇ ಮನೆ ವಿಳಾಸ ಕೇಳಿಕೊಂಡು ಬರುತ್ತಿತ್ತು.

ಒಂದು ಶೆಡ್ಡು, ಎರಡು ಕಣ್ಣು

ನಮ್ಮ ಯಜಮಾನರು ಗಣಿಯಲ್ಲಿ ಬಡಗಿ. ಸುರಂಗದ ಛಾವಣಿ ಕುಸಿಯದ ಹಾಗೆ ಮರದ ಆಸರೆ ಕೊಡುವ ಕೆಲಸ. ಆದರೆ ಅವರ ಜೀವ ಇದ್ದದ್ದು ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ. ನಮ್ಮ ಮಾವನವರ ಕಾಲದಿಂದ ಅಲ್ಲಿ ಗಿಟಾರು ತಯಾರಾಗುತ್ತಿತ್ತು. ಚರ್ಚಿನವರಿಗೆ, ಕ್ಲಬ್ಬಿನ ಬ್ಯಾಂಡಿನವರಿಗೆ. ಅದರಲ್ಲೂ ಬೇಸ್ ಗಿಟಾರು ಅಂತ ಒಂದು. ಬೇರೆ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ. ಒಂದೊಂದೂ ದಪ್ಪಗೆ, ಬಾವಿ ಹಗ್ಗದ ತಮ್ಮನ ಹಾಗೆ. ಹಾಡಿನ ಅಡಿಯಲ್ಲಿ ಡುಂ ಡುಂ ಅನ್ನುವುದೇ ಅದರ ಕೆಲಸ. ಅದೂ ಕರೆಂಟು ಕೊಟ್ಟು ಪೆಟ್ಟಿಗೆಯಂಥ ಸ್ಪೀಕರಿಗೆ ಜೋಡಿಸಿದರೆ ಮಾತ್ರ. ಇಲ್ಲದಿದ್ದರೆ ಅತ್ತೆ ಎದುರಿಗಿರುವ ಹೊಸ ಸೊಸೆ, ಪಿಟಿಕ್ ಅನ್ನೋದಿಲ್ಲ.

ಆಮೇಲೆ ಕ್ಲಬ್ಬಿನ ಬ್ಯಾಂಡಿನವರೆಲ್ಲ ಹಡಗು ಹತ್ತಿ ಪರದೇಶಕ್ಕೆ ಹೋದರು. ಶೆಡ್ಡಿಗೆ ಬೀಗ ಬಿತ್ತು. ಹತ್ತು ವರ್ಷ ಜೇಡ ಬಿಟ್ಟರೆ ಯಾರೂ ಅಲ್ಲಿ ಕೆಲಸ ಮಾಡಲಿಲ್ಲ.

ನನ್ನ ತವರು ಕ್ಯಾಸಂಬಳ್ಳಿ ಕಡೆ. ಬೇಸಾಯದ ಮನೆ. ನಮ್ಮಣ್ಣ ಒಂದು ದಿನ ಕೆಂಪಿ ಅನ್ನೋ ಹಸು ಹೊಡೆದುಕೊಂಡು ಬಂದು, "ತಗೋಮ್ಮಿ, ನಿನ್ ಪಾಲು" ಅಂದು ಕಟ್ಟಿ ಹೋದ. ಬೀದಿ ಬೇವಿನ ಮರಕ್ಕೆ ಕಟ್ಟಿದ್ದೆ. ಮಳೆ ಬಂದರೆ ಹಸುವಿಗೆ ನಾನೇ ಛತ್ರಿ ಹಿಡಿಯಬೇಕು. ಬೀದಿಯವರು ನಗುತ್ತಿದ್ದರು. ನನ್ನ ಕಣ್ಣು ಶೆಡ್ಡಿನ ಮೇಲೆ ಬಿತ್ತು.

ಅದೇ ವಾರ ಬಂಗಾರಪೇಟೆಯಿಂದ ಆರ್ಕೆಸ್ಟ್ರಾ ಮಾಸ್ಟ್ರು ಬಂದರು. ಮದುವೆ ಮನೆಗಳಲ್ಲಿ ಸಿನಿಮಾ ಹಾಡು ಹಾಡಿಸುವವರು. "ಯಜಮಾನ್ರೇ, ನಾನು ಚಿಕ್ಕೋನಾಗಿದ್ದಾಗ ಕ್ಲಬ್ ಕಿಟಕೀಲಿ ನಿಂತು ನಿಮ್ ಬೇಸು ಕೇಳಿದ್ದೆ. ಈಗಿನ ಹಾಡಿಗೆ ಅದಿಲ್ದೆ ನಡ್ಯಲ್ಲ. ಆ ಹಳೇದನ್ನೇ ಹೊಸ ಫ್ಯಾಷನ್ನಾಗಿ ಮಾಡಿಕೊಡಿ. ಒಂದು ಮದುವೇಲಿ ಬಾರಿಸಿ ನೋಡ್ತೀನಿ, ಚೆನ್ನಾಗಿ ಕೂಗಿದ್ರೆ ಇನ್ನೂ ಆರು ಬೇಕು" ಅಂದರು.

ಯಜಮಾನರ ಮುಖ ಹರಳೆಣ್ಣೆ ದೀಪದ ಹಾಗೆ ಹತ್ತಿಕೊಂಡಿತು. ನಾನು ಬಿಡುತ್ತೀನಾ? "ಅಸುವಿಗೆ ಜಾಗ ಬೇಕು" ಅಂದೆ.

"ಗಿಟಾರಿಗೆ ಜಾಗ ಬೇಕು" ಅಂದರು.

ಎರಡು ದಿನ ಇದೇ ಜಗಳ. ಮೂರನೇ ದಿನ ಅವರೇ ಪಂದ್ಯ ಕಟ್ಟಿದರು. "ಆ ಮದುವೇಲಿ ಬೇಸು ಕೂಗಿದ್ರೆ ಶೆಡ್ಡು ನಂದು. ಕೂಗದಿದ್ರೆ ನಾಳೇನೇ ಗೂಟ ಒಡ್ಕೋ, ನಿನ್ ಕೆಂಪೀದು."

ನಾನು ಅವತ್ತೇ ಹೋಗಿ ಗೂಟ ಕೆತ್ತಿಸಿಕೊಂಡು ಬಂದೆ. ಅದೂ ಅವರ ಕೈಯಲ್ಲೇ!

ದೊಡ್ಡಣ್ಣನ ತೂಕ

ಹಳೇ ಮಾಡೆಲ್ಲಿಗೆ ಮಾವನವರು ಇಟ್ಟ ಹೆಸರು ದೊಡ್ಡಣ್ಣ. ಒಂದು ಮಾತ್ರ ಗೋಡೆಗೆ ನೇತು ಹಾಕಿತ್ತು. ಗಣಿಯ ಹಳೇ ತೊಲೆಯಿಂದ ಮಾಡಿದ್ದು. ಬಾಗಿಲ ಚೌಕಟ್ಟನ್ನು ಕುತ್ತಿಗೆಗೆ ಹಾಕಿಕೊಂಡ ಹಾಗಿರುತ್ತಿತ್ತು.

ಅದನ್ನು ನುಡಿಸಿ ನೋಡೋಕೆ ಮಾಸ್ಟ್ರ ಬಾಮೈದ ಬಂದ. ಬಂಗಾರಪೇಟೆಯಲ್ಲಿ ಟೈಲರು, ಸಂಜೆ ಹೊತ್ತು ಬೇಸು. ಮೈಯಲ್ಲಿ ಮಾಂಸ ಅನ್ನೋದನ್ನ ದೇವರು ಮರೆತು ಕಳಿಸಿದ್ದ. ಪಟ್ಟಿ ಕುತ್ತಿಗೆಗೆ ಹಾಕಿಕೊಂಡು ಎದ್ದು ನಿಂತ. ಗಿಟಾರಿನ ತಲೆ ಕಡೆ ಭಾರ, ಅದು ಎಡಕ್ಕೆ ಇಳಿಯಿತು. ಅದರ ಹಿಂದೆ ಅವನೂ ಇಳಿದ. ಎತ್ತಿ ನಿಲ್ಲಿಸಿದರೆ ಮತ್ತೆ ಇಳಿದ.

"ಅಕ್ಕಾ, ಇದು ನನ್ನ ಕರ್ಕೊಂಡು ಓಯ್ತದೆ" ಅಂದ ಪಾಪ.

ನಾನು ಅಡ್ಡೆ ಹೊತ್ತು ಬೆಳೆದವಳು. "ಒಂದ್ಕಡೆ ಕೊಡ ಇಳೀತಿದ್ರೆ ಇನ್ನೊಂದ್ಕಡೆ ಭಾರ ಆಕ್ಬೇಕು, ಇಷ್ಟೂ ಗೊತ್ತಿಲ್ವಾ?" ಅಂದು ಒಳಗೆ ಹೋದೆ. ನಾನಾಡಿದ ಮಾತು ಅಷ್ಟೇ.

ಮಾರನೇ ದಿನದಿಂದ ನಮ್ಮತ್ತೆಯ ಕುಟ್ಟಾಣಿ ಕಾಣೆ. ಹಲ್ಲಿಲ್ಲದ ಬಾಯಿ, ಎಲೆ ಅಡಿಕೆ ಕುಟ್ಟಿಯೇ ಹಾಕಿಕೊಳ್ಳಬೇಕು. ಕಬ್ಬಿಣದ ಕುಟ್ಟಾಣಿ, ಕಾಲಿಲ್ಲದೆ ಎಲ್ಲಿಗೆ ಹೋಗುತ್ತೆ? ಅತ್ತೆಗೆ ಅನುಮಾನವೇ ಇಲ್ಲ. "ಅಸು ಬಂತು, ಕುಟ್ಟಾಣಿ ಓಯ್ತು. ಕ್ಯಾಸಂಬಳ್ಳಿಗೇ ಓಗಿರ್ತದೆ ಬಿಡು" ಅಂದರು ಗೋಡೆಯ ಕಡೆ ನೋಡಿಕೊಂಡು. ಮೂರು ದಿನ ನನಗೆ ಅನ್ನ ಇಳಿಯಲಿಲ್ಲ.

ನಾಲ್ಕನೇ ದಿನ ದೊಡ್ಡಣ್ಣನ ಧೂಳು ಹೊಡೆಯೋಕೆ ಹೋದರೆ, ಅದರ ಬಾಲಕ್ಕೆ ಭದ್ರವಾಗಿ ಸ್ಕ್ರೂ ಹೊಡೆದು ಕೂತಿದೆ ಕುಟ್ಟಾಣಿ! ಯಜಮಾನರು ಬಿಚ್ಚೋಕೆ ಒಪ್ಪಲಿಲ್ಲ. "ಈಗ ತಾನೇ ಸಮತೂಕಕ್ಕೆ ಬಂದೈತೆ" ಅಂದರು.

ಅತ್ತೆ ಜಗಳ ಆಡಲಿಲ್ಲ. ಅವತ್ತಿನಿಂದ ಊಟ ಆದ ಮೇಲೆ ಗಿಟಾರನ್ನು ಮಗು ಥರ ಮಡಿಲಲ್ಲಿ ಮಲಗಿಸಿಕೊಂಡು ಅದರ ಬಾಲದಲ್ಲೇ ಎಲೆ ಅಡಿಕೆ ಕುಟ್ಟುತ್ತಿದ್ದರು. ಕುಟ್ಟಿದಾಗೆಲ್ಲ ತಂತಿ ನಾಲ್ಕೂ ಜುಂಯ್ ಅನ್ನೋದು. ಪಕ್ಕದ ಮನೆಯವರು ಇಣುಕಿ, "ಈ ವಯಸ್ಸಲ್ಲಿ ನಿಮ್ಮತ್ತೆ ಕಲೀತವ್ರಾ?" ಅಂತ ಕೇಳಿದರು.

ಹೊಸ ಫ್ಯಾಷನ್ನು

ಹೊಸ ಬೇಸ್ ಗಿಟಾರಿಗೆ ಹೆಸರು ಚಿಕ್ಕಣ್ಣ ಅಂತ ಮೊದಲೇ ಇಟ್ಟಾಗಿತ್ತು. ಮರವೂ ಸಿಕ್ಕಿತು, ಹಗುರವಾದ ಹಲಸು. ಇನ್ನು ಆಕಾರ. ಮಾವನವರು ಬರೆದಿಟ್ಟ ಅಚ್ಚು ಒಂದಿತ್ತು, ಹಾಳೆ ಮೇಲೆ ಹಾಳೆ ರಾಗಿ ಗಂಜಿಯಲ್ಲಿ ಅಂಟಿಸಿ ಗಟ್ಟಿ ಮಾಡಿದ್ದು. ಪೆಟ್ಟಿಗೆಯಲ್ಲಿದ್ದು ಮುಗ್ಗಲು ಹಿಡಿದಿದೆ ಅಂತ ಯಜಮಾನರು ಬಿಸಿಲಿಗೆ ಒರಗಿಸಿಟ್ಟರು. ಎಲ್ಲಿಗೆ ಅಂತೀರಿ? ಬೇವಿನ ಮರಕ್ಕೆ.

ರಾಗಿ ಗಂಜಿ ವಾಸನೆ ಕೆಂಪಿ ಬಿಡುತ್ತಾಳಾ?

ನಾನು ಓಡಿ ಹೋಗಿ ಕಿತ್ತುಕೊಳ್ಳೋ ಹೊತ್ತಿಗೆ ಕುತ್ತಿಗೆ ಕೆಳಗೆ ಅರ್ಧಚಂದ್ರದಷ್ಟು ಹೋಗಿತ್ತು, ಬಾಲದ ಕಡೆ ಇನ್ನೊಂದು ತುತ್ತು. ಯಜಮಾನರು ಅದನ್ನು ಕೈಯಲ್ಲಿ ಹಿಡಿದು ಜಗಲಿ ಮೇಲೆ ಕೂತುಬಿಟ್ಟರು. "ಅಪ್ಪನ ಕೈ ಗೆರೆ ಕಣೇ ಇದು" ಅಂದರು. ಪಂದ್ಯ ಪಂದ್ಯವೇ, ಆದರೆ ಹೀಗೆ ಗೆಲ್ಲೋಕೆ ನನಗೆ ಮನಸ್ಸಿರಲಿಲ್ಲ.

"ಉಳಿದಿರೋದನ್ನೇ ಹಲಗೆ ಮೇಲಿಟ್ಟು ಗೆರೆ ಎಳೀರಿ. ನಾನು ರವಿಕೆ ಬಟ್ಟೆ ಸಾಲ್ದೆ ಇದ್ರೆ ತೋಳು ಚಿಕ್ಕದು ಮಾಡಲ್ವಾ?" ಅಂದೆ.

ಬೇರೆ ದಾರಿ ಇರಲಿಲ್ಲ. ಕೆಂಪಿ ಕಚ್ಚಿದ ಗೆರೆ ಮೇಲೆಯೇ ಗರಗಸ ಆಡಿತು.

ಕೊರೆದು ಮುಗಿಸಿದ ಮೇಲೆ ಮಾಸ್ಟ್ರು ನೋಡೋಕೆ ಬಂದರು. ಅವರು ಕುತ್ತಿಗೆ ಕೆಳಗಿನ ಆ ಕಚ್ಚಿಗೆ ಕೈ ಹಾಕಿ ನೋಡಿದರು, ಮೇಲಿನಿಂದ ಕೆಳಗಿನವರೆಗೆ ಬೆರಳು ಆಡಿಸಿದರು. "ಅಬ್ಬಬ್ಬಾ! ಕೈ ಕುತ್ತಿಗೆ ಬುಡದ ಕೊನೇ ಮನೆವರ್ಗೂ ಸಲೀಸಾಗಿ ಓಗ್ತದೆ. ಇದು ರೀ ಮಾಡ್ರನ್ನು ಅಂದ್ರೆ! ಯಾವ ಫಾರಿನ್ ಪುಸ್ತಕ ನೋಡಿ ತೆಗೆದ್ರಿ?"

ಯಜಮಾನರು ಗಂಟಲು ಸರಿ ಮಾಡಿಕೊಂಡರು. "ಪುಸ್ತಕ ಇಲ್ಲ. ನಮ್ಮನೇಲೇ ಒಬ್ರು ಡಿಸೈನ್ ಮಾಡಿದ್ರು."

"ಅವರಿಗೆ ನನ್ ನಮಸ್ಕಾರ ಏಳಿ."

ನಾನು ಹೋಗಿ ಹೇಳಿದೆ. ಕೆಂಪಿ ಬಾಲ ಎತ್ತಿ ಉತ್ತರ ಕೊಟ್ಟಳು.

ಬಣ್ಣ ಮತ್ತು ರೈಲು

ಬಣ್ಣಕ್ಕೆ ಬಂಗಾರಪೇಟೆಗೆ ಕೊಟ್ಟರು, ಲಾರಿಗೆ ಬಣ್ಣ ಹೊಡೆಯೋ ಪೇಂಟರಿಗೆ. ಅಷ್ಟು ಹೊಳಪು ಬೇರೆ ಯಾರ ಕೈಯಲ್ಲೂ ಬರುತ್ತಿರಲಿಲ್ಲ. ಮುಂಭಾಗ ಕೆಂಪಗೆ ಟೊಮೇಟೊ ಥರ ಮಿಂಚುತ್ತಿತ್ತು. ತಿರುಗಿಸಿದರೆ ಹಿಂಭಾಗದಲ್ಲಿ ದೃಷ್ಟಿ ರಾಕ್ಷಸನ ಮುಖ, ಎರಡು ಕಡೆ ಕಮಲ, ಕೆಳಗೆ ದಪ್ಪ ಅಕ್ಷರದಲ್ಲಿ "ಹಾರ್ನ್ ಮಾಡಿ".

ಯಜಮಾನರು ಕೂಗಾಡಿದರು. ಪೇಂಟರಿಗೆ ತಾನೇನು ತಪ್ಪು ಮಾಡಿದೆ ಅಂತ ತಿಳಿಯಲೇ ಇಲ್ಲ. "ಎಲ್ಲಾ ನೀಟಾಗಿ ಮಾಡಿದ್ದೀನಲ್ಲ ಸಾಮಿ" ಅಂದು ಕಮಲಗಳ ನಡುವೆ ಬೆರಳಿಟ್ಟು ತೋರಿಸಿದ. "ನಂಬರ್ ಪ್ಲೇಟಿಗೂ ಜಾಗ ಬಿಟ್ಟಿದ್ದೀನಿ."

ಬಣ್ಣ ಇನ್ನೂ ಸ್ವಲ್ಪ ಹಸಿ. ಧೂಳು ಕೂರದಿರಲಿ ಅಂತ ನನ್ನ ಹಳೇ ಹಸಿರು ಸೀರೆ ಸುತ್ತಿ, ತಲೆ ಮೇಲೆ ಸೆರಗು ಎಳೆದು, ಸಂಜೆ ಮಾರಿಕುಪ್ಪಂ ರೈಲಿನ ಮೂಲೆಯಲ್ಲಿ ನಿಲ್ಲಿಸಿಕೊಂಡು ಬಂದರು. ಗಾಡಿಯಲ್ಲಿ ಜನವೋ ಜನ. ಟಿಕೆಟ್ ನೋಡುವವರು ಬಂದರು.

"ಟಿಕೆಟ್ ಅಮ್ಮಾ."

ಉತ್ತರ ಇಲ್ಲ.

"ನಿಮ್ಮನ್ನೇ ಕೇಳ್ತಿರೋದು, ಟಿಕೆಟ್ ತೋರಿಸಮ್ಮಾ." ತಮಿಳಿನಲ್ಲಿ ಕೇಳಿದರು, ತೆಲುಗಿನಲ್ಲಿ ಕೇಳಿದರು. ಸೀರೆ ಕದಲಲಿಲ್ಲ. ಕೊನೆಗೆ ಯಜಮಾನರ ಕಡೆ ತಿರುಗಿ, "ನಿಮ್ಮ ಮನೆಯವರಾ? ಯಾಕ್ರೀ ಅಷ್ಟು ಕೋಪ, ಒಂದು ಮಾತೂ ಆಡಲ್ಲ?" ಅಂದರಂತೆ.

ನಮ್ಮ ಯಜಮಾನರು ತಣ್ಣಗೆ, "ಆಡ್ತಾಳೆ ಸಾರ್. ಕರೆಂಟ್ ಕೊಡ್ಬೇಕು" ಅಂದರಂತೆ.

ಮೊದಲ ಏಟು

ಮದುವೆ ಯಾರದ್ದು ಅಂತ ಹೇಳಲಿಲ್ಲ ಅಲ್ವಾ? ನಮ್ಮ ಪಕ್ಕದ ಮನೆ ಮೇಸ್ತ್ರಿಗಳ ಮಗಳದ್ದು. ಮೇಸ್ತ್ರಿಗಳು ಗಣಿಯಲ್ಲಿ ಮೂವತ್ತು ವರ್ಷ ಸವೆದವರು. ಮನೆ ಮಾತು ತಮಿಳು, ಕೋಪ ಬಂದರೆ ತೆಲುಗು, ನಮ್ಮ ಜೊತೆ ಕನ್ನಡ. ಮದುವೆಗೆ ಎಂಟು ದಿನ ಇದ್ದಾಗ ಮಾಸ್ಟ್ರು ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಕಳಿಸಿ, ಒಂದು ಸಲ ಬಾರಿಸಿ ನೋಡಿ ಅಂದರು.

ಒಂದು ವಿಷಯ ತಿಳಿದಿರಲಿ ನಿಮಗೆ. ನಮ್ಮೂರಲ್ಲಿ ಏರ್ ಬ್ಲಾಸ್ಟ್ ಅಂತ ಆಗೋದು. ನೆಲದೊಳಗೆ, ಎಷ್ಟೋ ಆಳದಲ್ಲಿ ಬಂಡೆ ತಾನಾಗಿ ಸಿಡಿಯೋದು. ಮೇಲೆ ಧಡ್ ಅಂತ ಮನೆ ನಡುಗಿ ಪಾತ್ರೆ ಉರುಳೋದು. ಕೆಳಗೆ ಯಾರ ಗಂಡ, ಯಾರ ಮಗ ಇದ್ದಾನೋ ಅಂತ ಕೈಲಿದ್ದದ್ದು ಬಿಟ್ಟು ಇಡೀ ಬೀದಿ ಗಣಿ ಬಾಯಿಗೆ ಓಡೋದು.

ಯಜಮಾನರು ಬೆಳಿಗ್ಗೆ ಎಂಟು ಗಂಟೆಗೆ ಶೆಡ್ಡಿನಲ್ಲಿ ಸ್ಪೀಕರಿನ ಗುಂಡಿ ಪೂರ್ತಿ ತಿರುಗಿಸಿ, ದಪ್ಪ ತಂತಿಗೆ ಒಂದೇ ಏಟು ಹೊಡೆದರು.

ಧಡ್!

ತಗಡು ನಡುಗಿತು. ನನ್ನ ಗೂಡಿನ ಹಿತ್ತಾಳೆ ಚೆಂಬು ಸಾರಿನೊಳಗೆ ಬಿತ್ತು. ಬೀದಿಯಲ್ಲಿ "ಐಯೋ, ಏರ್ ಬ್ಲಾಸ್ಟು!" ಅಂತ ಎದ್ದ ಕೂಗು! ದೋಸೆ ಕಾವಲಿ ಮೇಲೆ ಬಿಟ್ಟು ಓಡಿದವರು, ಒಂದು ಜಡೆ ಹೆಣೆದು ಇನ್ನೊಂದು ಬಿಚ್ಚಿಕೊಂಡು ಓಡಿದವರು. ಮೇಸ್ತ್ರಿಗಳು ಗಡ್ಡ ಹೆರೆಯುತ್ತಿದ್ದವರು ಅರ್ಧ ಮುಖ ನೊರೆ, ಸೊಂಟಕ್ಕೆ ಟವೆಲು, ಎಲ್ಲರಿಗಿಂತ ಮುಂದೆ. ಗಣಿ ಬಾಯಿಗೆ ಹೋಗಿ ನೋಡಿದರೆ ವಾಚ್‌ಮನ್ ಆರಾಮಾಗಿ ಬೀಡಿ ಸೇದುತ್ತಿದ್ದನಂತೆ. "ಏನೂ ಆಗಿಲ್ವಲ್ಲ ಮೇಸ್ತ್ರಿ. ಅದ್ಸರಿ, ಪ್ಯಾಂಟೆಲ್ಲಿ?" ಅಂದನಂತೆ.

ವಾಪಸ್ ಬಂದ ಬೀದಿ ಪೂರ್ತಿ ನಮ್ಮ ಶೆಡ್ಡಿನ ಮುಂದೆ ನಿಂತಿತು. ಕೆಂಪು ಬೇಸು ಕುತ್ತಿಗೆಗೆ ಹಾಕಿಕೊಂಡು ಯಜಮಾನರು ಹೊರಗೆ ಬಂದು, ಸಂತೋಷದಲ್ಲಿ, "ಕೇಳಿಸ್ತಾ?" ಅಂದರು.

ಹೊಡೆಯೋದೊಂದು ಬಾಕಿ. ಮೇಸ್ತ್ರಿಗಳು ನೊರೆ ಒರೆಸಿಕೊಂಡು ತೀರ್ಪು ಕೊಟ್ಟರು: "ನಂ ಮಾನ ಓದಂಗೆ ಇನ್ನೊಂದ್ ಸಲ ಓಗ್ಬಾರ್ದು. ಇನ್ಮೇಲೆ ಧಡ್ ಅಂದ್ರೆ ಯಾರೂ ಎದ್ದೇಳ್ಬೇಡಿ. ಗಣಿ ಸೈರನ್ ಕೂಗಿದ್ರೆ ಮಾತ್ರ ಓಡೋದು. ಇಲ್ಲಾಂದ್ರೆ ಅದು ನಮ್ ಪಕ್ಕದ್ಮನೆ ಗಿಟಾರು, ಅಷ್ಟೇ."

ಎಲ್ಲರೂ ತಲೆಯಾಡಿಸಿದರು. ಅವರ ಬಲಗೆನ್ನೆ ಗಡ್ಡ ಮದುವೆ ದಿನದವರೆಗೂ ಹಾಗೇ ಇತ್ತು. ಭಯಕ್ಕೆ ಕತ್ತಿ ಮುಟ್ಟಲಿಲ್ಲ.

ಮದುವೆ ಮನೆ

ಕೆಜಿಎಫ್‌ನಲ್ಲೇ ಮೈಸೂರು ಮೈನ್ಸ್ ಅನ್ನೋ ಗಣಿ ಹತ್ತಿರ ಒಂದು ಹಳೇ ಮದುವೆ ಹಾಲ್. ಭಾನುವಾರ. ಧಾರೆ ಮುಗಿದು, ಊಟಕ್ಕೆ ಎಲೆ ಹಾಕುವ ಮುಂಚೆ ಹಾಡು. ಗಂಡಿನ ಕಡೆಯವರು ಬಂಗಾರಪೇಟೆಯವರು ಎಡಕ್ಕೆ, ನಮ್ಮ ಬೀದಿ ಬಲಕ್ಕೆ. ನಾನು ಗೋಡೆ ಪಕ್ಕ ಹೆಂಗಸರ ಜೊತೆ. ಕಂಬದ ಹತ್ತಿರ ಯಜಮಾನರು, ಒಗೆದ ಶರ್ಟು ಹಾಕಿಕೊಂಡು, ಪರೀಕ್ಷೆಗೆ ಕೂತವರ ಹಾಗೆ.

ಮೊದಲ ಹಾಡು ಶುರುವಾಯಿತು. ತಬಲಾ ಬಂತು, ಹಾರ್ಮೋನಿಯಂ ಬಂತು. ಬೇಸು ಬರಲಿಲ್ಲ. ಬಾಮೈದ ಬಟ್ಟೆ ಒಗೆಯೋ ಥರ ಬಾರಿಸುತ್ತಿದ್ದಾನೆ, ಸದ್ದೇ ಇಲ್ಲ! ಮಾಸ್ಟ್ರು ಹಿಂದೆ ತಿರುಗಿ ಕಣ್ಣು ಬಿಟ್ಟರು. ಯಜಮಾನರ ಮುಖ ಬಾಡಿತು.

ನಾನು ಪಕ್ಕಕ್ಕೆ ನೋಡಿದೆ. ಕಾರಣ ನನ್ನ ಕಾಲ ಹತ್ತಿರವೇ ಬಿದ್ದಿತ್ತು. ಸೂಟಿನೊಳಗೆ ಮದುವೆ ಗಂಡು ಬೆವರುತ್ತಿದ್ದಾನೆ ಅಂತ ಅವನ ಸೋದರತ್ತೆ ಸ್ಪೀಕರಿನ ಪ್ಲಗ್ಗು ಕಿತ್ತು, ಅಲ್ಲಿಗೆ ಟೇಬಲ್ ಫ್ಯಾನಿನ ಪ್ಲಗ್ಗು ಹಾಕಿಬಿಟ್ಟಿದ್ದರು!

ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಖುಷಿಯಾಯಿತು. ಕೆಂಪಿಯ ಗೂಟ, ಅದರ ಪಕ್ಕ ಹುಲ್ಲು, ಎಲ್ಲಾ ಕಣ್ಣ ಮುಂದೆ ಬಂತು. ಸುಮ್ಮನೆ ಕೂತರೆ ಸಾಕು, ಶೆಡ್ಡು ನನ್ನದು. ಆಮೇಲೆ ಕಂಬದ ಕಡೆ ನೋಡಿದೆ. ಅವರು ಕಿವಿಗೆ ಕೈ ಅಡ್ಡ ಇಟ್ಟುಕೊಂಡು, ತಮಗೇ ಕೇಳಿಸುತ್ತಿಲ್ಲವೇನೋ ಅಂತ ಬಗ್ಗಿ ಬಗ್ಗಿ ಕೇಳುತ್ತಿದ್ದರು.

ಹಾಳು ಮನಸ್ಸು, ತಡೆಯಲಿಲ್ಲ. ಪ್ಲಗ್ಗಿಗೆ ಕೈ ಚಾಚಿದೆ. ಇನ್ನೂ ಮುಟ್ಟಿಲ್ಲ,

ಧಡ್!

ನೆಲ ಅದುರಿತು. ಅಡುಗೆ ಮನೆಯಲ್ಲಿ ಹಂಡೆಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಗಂಡಿನ ಪೇಟ ಮೂಗಿನವರೆಗೆ ಇಳಿಯಿತು. ಅದು ಅಸಲೀ ಏರ್ ಬ್ಲಾಸ್ಟು! ಕೆಲಸ ನಿಂತಿದ್ದ ಯಾವುದೋ ಹಳೇ ಸುರಂಗ ಕುಸಿದದ್ದು, ರಜಾ ದಿನ, ಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲ ಅಂತ ಆಮೇಲೆ ತಿಳಿಯಿತು, ದೇವರು ದೊಡ್ಡವನು.

ಗಂಡಿನ ಕಡೆಯವರು ಎದ್ದು ಬಾಗಿಲ ಕಡೆ ನುಗ್ಗಿದರು. ನಮ್ಮ ಬೀದಿಯವರು? ಒಬ್ಬರೂ ಅಲ್ಲಾಡಲಿಲ್ಲ. ಮೇಸ್ತ್ರಿಗಳು ಗಂಭೀರವಾಗಿ ಎದ್ದು ಕೈ ಎತ್ತಿದರು. "ಉಕ್ಕಾರುಂಗೋ, ಉಕ್ಕಾರುಂಗೋ! ಕೂತ್ಕೊಳ್ಳಿ ಬೀಗ್ರೇ! ಎದರ್ಕೋಬೇಡಿ, ಅದು ನಮ್ ಪಕ್ಕದ್ಮನೆ ಗಿಟಾರು!"

ನಮ್ಮ ಬೀದಿ ಚಪ್ಪಾಳೆ ಹೊಡೆಯಿತು. ಗಂಡಿನ ಕಡೆಯವರು ನಾಚಿಕೊಂಡು ಕೂತು, ಅವರೂ ಹೊಡೆದರು. ಬಾಮೈದ ತನ್ನ ಬೆರಳು ತಾನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಗಂಡಿನ ಅಪ್ಪ ಕುರ್ಚಿ ಮೇಲೆ ಹತ್ತಿ, "ಭಲೇ! ಇನ್ನೊಂದ್ಸಲ ಒಡೀರಿ!" ಅಂತ ಕೂಗಿದರು.

ಇನ್ನೊಂದು ಸಲ ಅಂದರೆ ಭೂಮಿ ತಾಯಿ ಕೇಳುತ್ತಾಳಾ? ನಾನು ಫ್ಯಾನಿನ ಪ್ಲಗ್ಗು ಕಿತ್ತೆ, ಸ್ಪೀಕರಿನದು ತುರುಕಿದೆ. ಬಾಮೈದ ಬಾರಿಸಿದ. ಚಿಕ್ಕಣ್ಣ ಡುಂ ಡುಂ ಡುಂ ಅಂತ ಮುದ್ದಾಗಿ ಮಾತಾಡಿದ.

"ಮೊದ್ಲಿನಷ್ಟು ಜೋರಿಲ್ವಲ್ಲ" ಅಂದರು ಗಂಡಿನ ಅಪ್ಪ.

ಮಾಸ್ಟ್ರು ಮೈಕಿನಲ್ಲಿ ಹೇಳಿದರು: "ಬೇಕಂತಲೇ ಕಡ್ಮೆ ಮಾಡಿದ್ದೀವಿ ಸಾರ್. ಕಟ್ಟಡ ಹಳೇದು."

ಆಮೇಲೆ ಯಾರ್‍ಯಾರು ಏನಾದರು

ಮನೆಗೆ ನಡೆದು ಬರುವಾಗ ಯಜಮಾನರು ನನ್ನ ಕಡೆ ತಿರುಗಿ, "ಪ್ಲಗ್ ಬಿದ್ದಿತ್ತಾ?" ಅಂದರು.

"ಯಾವ ಪ್ಲಗ್ಗು?" ಅಂದೆ.

ಬೆಳಿಗ್ಗೆ ಎದ್ದು ನೋಡಿದರೆ ಶೆಡ್ಡಿನ ನಡುವೆ ಸೀಮೆಸುಣ್ಣದ ಗೆರೆ, ಆಚೆ ಕಡೆ ಕೆಂಪಿಯ ಗೂಟ. ಕೆಂಪಿ ಅಲ್ಲೇ ಐದು ಸೂಲು ಈದಳು. ಒಂದು ದಿನಕ್ಕೂ ಗೆರೆ ದಾಟಲಿಲ್ಲ, ಕುತ್ತಿಗೆ ಮಾತ್ರ ದಾಟಿಸುತ್ತಿದ್ದಳು.

ಮಾಸ್ಟ್ರು ಆರು ಚಿಕ್ಕಣ್ಣ ತೆಗೆದುಕೊಂಡು ಹೋದರು. ಆರಕ್ಕೂ ಒಂದೇ ದೂರು, "ಮೊದಲನೆಯದರ ಗುಡುಗು ಬರ್ತಿಲ್ಲ." ಯಜಮಾನರದು ಒಂದೇ ಉತ್ತರ, "ಬಂಗಾರಪೇಟೆ ನೆಲ ಸರಿಯಿಲ್ಲ." ಅವರು ಒಪ್ಪಿಕೊಂಡರು. ಬಾಮೈದ ಸಾಯೋವರೆಗೂ ಆ ಏಟು ಮತ್ತೆ ಬರಲಿ ಅಂತ ಬೆರಳಿಗೆ ಬಾದಾಮಿ ಎಣ್ಣೆ ತಿಕ್ಕಿದ. ಪೇಂಟರು ಆಮೇಲೆ ಲಾರಿ ಬಿಟ್ಟು ಅಂಗಡಿ ಬೋರ್ಡು ಬರೆಯೋಕೆ ಹೋದ, ಬಂಗಾರಪೇಟೆಯ ಒಂದು ಕ್ಷೌರದಂಗಡಿ ಬಾಗಿಲ ಮೇಲೆ ಬಹಳ ವರ್ಷ "ಹಾರ್ನ್ ಮಾಡಿ" ಅಂತಿತ್ತು. ಅತ್ತೆ ಕೊನೆವರೆಗೂ ದೊಡ್ಡಣ್ಣನ ಮೇಲೆಯೇ ಎಲೆ ಕುಟ್ಟಿದರು. ಅಗೋ, ಗೋಡೆ ಮೇಲಿದೆ ನೋಡಿ, ಈಗ ನಾನು ಕುಟ್ಟುತ್ತೀನಿ. ಮದುವೆ ಹೆಣ್ಣು ಗಂಡು ಚೆನ್ನಾಗಿದ್ದಾರೆ, ಅವನಿಗೆ ಬೆವರು ಈಗಲೂ ಹಾಗೇ. ಯಜಮಾನರು ಒಂದು ಮಧ್ಯಾಹ್ನ ಶೆಡ್ಡಿನಲ್ಲೇ, ಕೈಯಲ್ಲಿ ಮರ ಉಜ್ಜುವ ಕಾಗದ ಹಿಡಿದುಕೊಂಡೇ ತೀರಿಹೋದರು. ಅಳುತ್ತಿದ್ದ ನನ್ನ ಸೆರಗನ್ನು ಗೆರೆ ಆಚೆಯಿಂದ ಕೆಂಪಿಯ ಮಗಳು ಮೇಯುತ್ತಿದ್ದಳು. ಅಳುವಾಗಲೂ ನಗಿಸಿದಳು ನೋಡಿ.

ಉಳಿದವರು ಮೇಸ್ತ್ರಿಗಳು. ಯಜಮಾನರು ತೀರಿಹೋದ ವರ್ಷವೇ ಒಂದು ಸಂಜೆ ಮೇಸ್ತ್ರಿಗಳು ಆಚೆ ಜಗಲಿಯಲ್ಲಿ ಕಣ್ಣು ಮುಚ್ಚಿ ಒರಗಿದ್ದರು, ನಾನು ಈಚೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಧಡ್ ಅಂತು. ಮನೆ ನಡುಗಿತು, ಕಾಳೆಲ್ಲ ಮೊರದಿಂದ ಹಾರಿದವು. ಸೈರನ್ ಕೂಗಲಿಲ್ಲ. ಮೇಸ್ತ್ರಿಗಳು ಕಣ್ಣು ತೆರೆಯದೇ ನಮ್ಮ ಶೆಡ್ಡಿನ ಕಡೆ ಮುಖ ಮಾಡಿ ಅಂದರು:

"ಯಜಮಾನ್ರೇ, ಒಸಿ ಕಡ್ಮೆ ಮಾಡ್ಕೊಳ್ಳಿ."

ನಾನು ಕಾಳು ಆರಿಸಿಕೊಳ್ಳುತ್ತಾ, "ಆಯ್ತಣ್ಣಾ, ಅವ್ರಿಗೆ ಏಳ್ತೀನಿ" ಅಂದೆ.